ಬೀರಸಿದ್ದಪ್ಪನ ಹನ್ನೊಂದು ಕುರಿಗಳು
ಯಮಕನಮರಡಿಯ ಹತ್ತಿರದ ನಮ್ಮೂರಲ್ಲಿ ಹೆದ್ದಾರಿಯ ಈಚೆ ಮನೆಗಳು, ಆಚೆ ಶಾಲೆ. ಬೆಳಗಿನ ಒಂಬತ್ತೂವರೆಗೆ ರಸ್ತೆಯ ಅಂಚಿನಲ್ಲಿ ಕುರುಬರ ಬೀರಸಿದ್ದಪ್ಪ ಹೆಗಲಿಗೆ ಕಂಬಳಿ ಹಾಕಿ, ಕೋಲೂರಿ ನಿಂತಿರುತ್ತಾನೆ. ನನ್ನಂತೆಯೇ ಶಾಲೆಯ ಮೆಟ್ಟಿಲು ಹತ್ತದವನು, ಆದರೆ ಅವನ ಪಾಠ ತಪ್ಪಿಸುವ ಧೈರ್ಯ ಯಾವ ಮಗುವಿಗೂ ಇಲ್ಲ. “ಮೊದಲ ಬಲಕ್ಕ ನೋಡ್ರಿ, ಆಮ್ಯಾಗ ಎಡಕ್ಕ, ಮತ್ತ ಬಲಕ್ಕ. ಓಡಬ್ಯಾಡ್ರಿ! ಓಡೋ ಮರೀನ ತೋಳದ ಕಣ್ಣಿಗೆ ಮೊದಲ ಬೀಳತೈತಿ” ಎಂದು ಗದರುತ್ತಾನೆ. ಮೊಬೈಲಿನಲ್ಲಿ ಮಾತಾಡುತ್ತ ಬಂದ ಮಾಸ್ತರರಿಗೂ ಕೋಲು ಅಡ್ಡ ಹಿಡಿದು, “ಅದನ್ನ ಕಿಸೇದಾಗ ಇಡ್ರಿ ಗುರುಗಳ, ಹುಡುಗ್ರು ನಿಮ್ಮನ್ನ ನೋಡೇ ಕಲೀತಾವು” ಎನ್ನುತ್ತಾನೆ. ಮಕ್ಕಳು ಹೇಳಿದಂತೆ ನೋಡುತ್ತಾರೆ, ಕೈ ಎತ್ತುತ್ತಾರೆ. ಒಂದು ಗಾಡಿಯೂ ನಿಲ್ಲುವುದಿಲ್ಲ. ಆಗ ಅವನು ನಾಲಿಗೆ ಲೊಟಗುಟ್ಟಿಸಿ ತನ್ನ ಹನ್ನೊಂದು ಕುರಿಗಳನ್ನು ರಸ್ತೆಗಿಳಿಸುತ್ತಾನೆ. ಲಾರಿ, ಕಾರು, ಬಸ್ಸು ಎಲ್ಲ ಕಿರ್ರೆಂದು ನಿಲ್ಲುತ್ತವೆ. ಮಕ್ಕಳು ಕುರಿಗಳ ನಡುವೆ ದಾಟುತ್ತಾರೆ. “ಹುಡುಗ್ರು ಹೆದರಿ ಓಡತಾವಂತ ಡ್ರೈವರಗ ಗೊತ್ತೈತಿ, ಕುರಿ ಓಡೂದಿಲ್ಲಂತನೂ ಗೊತ್ತೈತಿ” ಎಂದು ನನಗೆ ಹೇಳಿ ಉಗುಳುತ್ತಾನೆ. ಹಿಂಡು ಮಾರಿ ಮೂರು ವರ್ಷವಾಯಿತು. ಹಲ್ಲುದುರಿದ ಈ ಹನ್ನೊಂದನ್ನು ಮಾತ್ರ ಇದಕ್ಕೆಂದೇ ಉಳಿಸಿಕೊಂಡಿದ್ದಾನೆ. “ಇವುಕ್ಕ ಹುಲ್ಲು ಯಾಕ ದಂಡ ಮಾಡ್ತಿಯೋ ಯಪ್ಪಾ?” ಎಂದು ಮಗ ಶಿವಾನಂದ ದಿನಾ ಗೊಣಗುತ್ತಾನೆ. ಮೊನ್ನೆ ಅವುಗಳಲ್ಲಿ ಒಂದು ಸತ್ತು ಹತ್ತು ಉಳಿದವು. ಎರಡನೆಯ ತರಗತಿಯ ದೀಪಾ ಬೀರಸಿದ್ದಪ್ಪನ ಧೋತರ ಜಗ್ಗಿ, “ಅಜ್ಜಾ, ಎಲ್ಲಾ ಕುರಿ ಸತ್ತ ಮ್ಯಾಲ ನಾವು ಹೆಂಗ ದಾಟೂದು?” ಎಂದಳು. “ಕಂಬಳಿ ಹೊತ್ಕೊಂಡು ಬಗ್ಗಿ ನಡೀರಿ ನನ್ನವ್ವಾ, ಕುರಿ ಅಂತ ತಿಳದು ನಿಲ್ಲಿಸ್ಯಾರು” ಎಂದ. ಮರುದಿನ ದೀಪಾ ಮನೆಯಿಂದ ತುಂಡು ಕಂಬಳಿ ತಂದಿದ್ದಳು.