ಪಾತ್ರೆಯ ಸರದಿ

ಮದರಾಸಿನ ಪೆರಂಬೂರಿನಲ್ಲಿದ್ದ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಸ್ವಂತ ದೇವಾಲಯವಿರಲಿಲ್ಲ. ತಮಿಳು ಸಭೆಯವರು ಭಾನುವಾರದ ಬೆಳಗಿನ ಆರಾಧನೆ ಮುಗಿಸಿ ಮನೆಗೆ ಹೋದ ಮೇಲೆ, ಅದೇ ಕಟ್ಟಡದಲ್ಲಿ ನಾವು ಮಧ್ಯಾಹ್ನ ಸೇರುತ್ತಿದ್ದೆವು. ಅವರು ಹಾಡಿದ ಗೀತೆಗಳ ಅಂಕಿಗಳು ಗೋಡೆಯ ಹಲಗೆಯ ಮೇಲೆ ಇನ್ನೂ ಇರುತ್ತಿದ್ದವು. ಅವುಗಳನ್ನು ತೆಗೆದು ನಮ್ಮವನ್ನು ಸಿಕ್ಕಿಸುವುದರಿಂದ ನಮ್ಮ ಭಾನುವಾರ ಆರಂಭವಾಗುತ್ತಿತ್ತು. ಬರುವವರಲ್ಲಿ ಬಹುಪಾಲು ರೈಲ್ವೆಯವರು: ಬಳ್ಳಾರಿ, ಹುಬ್ಬಳ್ಳಿಗಳ ಕಡೆಯ ಕಾರ್ಖಾನೆ ಕೆಲಸಗಾರರು, ಮಂಗಳೂರಿನ ಕಡೆಯ ಗುಮಾಸ್ತರು. ನಾನು ರೈಲ್ವೆಯವನಲ್ಲ. ಸಮೀಪದ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಆ ಕಾರಣಕ್ಕೆ ಸಭೆಯ ಮಕ್ಕಳಿಗೆ ದೃಢೀಕರಣದ ಪಾಠ ಹೇಳುವ ಹೊಣೆ ನನ್ನ ಪಾಲಿಗೆ ಬಂದಿತ್ತು.

ದೃಢೀಕರಣವೆಂದರೆ, ಶೈಶವದಲ್ಲಿ ದೀಕ್ಷಾಸ್ನಾನ ಹೊಂದಿದ ಮಗು ಬೆಳೆದು, ತನ್ನ ವಿಶ್ವಾಸವನ್ನು ತನ್ನ ಬಾಯಿಂದಲೇ ಒಪ್ಪಿಕೊಂಡು, ಪ್ರಭುಭೋಜನದ ರೊಟ್ಟಿಗೂ ದ್ರಾಕ್ಷಾರಸಕ್ಕೂ ಹಕ್ಕುಳ್ಳದ್ದಾಗುವ ಸಂಸ್ಕಾರ. ಪಾಠವು ಪ್ರಶ್ನೋತ್ತರಗಳ ರೂಪದಲ್ಲಿತ್ತು. ಉತ್ತರಗಳು ಪೂರ್ಣ ವಾಕ್ಯಗಳಲ್ಲಿರಬೇಕು, ಕ್ರಿಯಾಪದವನ್ನು ನುಂಗಕೂಡದು ಎಂಬ ನಿಯಮವನ್ನು ನಾನು ಸೇರಿಸಿದ್ದೆ. ಮದರಾಸಿನಲ್ಲಿ ಬೆಳೆದ ಮಕ್ಕಳು ಕನ್ನಡದ ಪ್ರಶ್ನೆಗೆ ತಮಿಳಿನಲ್ಲಿ ಉತ್ತರಿಸುತ್ತಿದ್ದುದರಿಂದ ಆ ನಿಯಮದ ಅಗತ್ಯವೂ ಇತ್ತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಸಾರಿ, ಪಾಠಕ್ಕೆ ಒಬ್ಬಳೇ ವಿದ್ಯಾರ್ಥಿನಿ ಉಳಿದಳು. ಅವಳ ತಂದೆ ಕ್ರೋಂಪೇಟೆಯಲ್ಲಿ ತೊಗಲು ಹದಮಾಡುವ ಕೆಲಸದವನು. ಕೋಲಾರದ ಕಡೆಯ ಕುಟುಂಬ. ತಾಯಿಯೂ ಮಗಳೂ ವಿದ್ಯುತ್ ರೈಲಿನಲ್ಲಿ ಪಾರ್ಕ್ ನಿಲ್ದಾಣಕ್ಕೆ ಬಂದು, ರಸ್ತೆ ದಾಟಿ ಸೆಂಟ್ರಲ್ಲಿಗೆ ನಡೆದು, ಅಲ್ಲಿಂದ ಹೊಗೆಯ ಗಾಡಿ ಹಿಡಿದು ಪೆರಂಬೂರಿಗೆ ಬರುತ್ತಿದ್ದರು. ಅವರ ಮೈಯಿಂದ ತೊಗಲಿನ ವಾಸನೆ ಬರುತ್ತದೆ ಎನ್ನುವವರು ಸಭೆಯಲ್ಲಿದ್ದರು. ಪಕ್ಕದಲ್ಲಿ ನಿಂತಾಗ ನನಗೆ ಬಂದದ್ದು ಮಲ್ಲಿಗೆಯ ವಾಸನೆ, ಅದರೊಡನೆ ಸ್ವಲ್ಪ ಇದ್ದಿಲ ಹೊಗೆ.

ಆ ಕುಟುಂಬ ಯಾವಾಗಲೂ ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿತ್ತು. ಏಕೆಂದು ಕೇಳಿದರೆ, ರೈಲು ಹಿಡಿಯಲು ಅನುಕೂಲ ಎಂಬ ಉತ್ತರ ಸಿಗುತ್ತಿತ್ತು. ಅವರೂ ಅದನ್ನೇ ಹೇಳುತ್ತಿದ್ದರು, ಉಳಿದವರೂ ಅದನ್ನೇ ಹೇಳುತ್ತಿದ್ದರು. ಪ್ರಭುಭೋಜನಕ್ಕೆ ಜನ ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಎಂಬ ಸರದಿಯಲ್ಲಿ ಏಳುತ್ತಿದ್ದರು. ವೇದಿಯ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿದವರ ತುಟಿಗೆ ಸಭಾಪಾಲಕರು ಒಂದೇ ಬೆಳ್ಳಿಯ ಪಾತ್ರೆಯನ್ನು ತಾಗಿಸುತ್ತ ಸಾಗುತ್ತಿದ್ದರು. ಹೀಗಾಗಿ ಕ್ರೋಂಪೇಟೆಯವರು ಎಲ್ಲರ ನಂತರ ಕುಡಿಯುತ್ತಿದ್ದರು; ಅವರ ನಂತರ ಕುಡಿಯಬೇಕಾದ ಸಂದರ್ಭ ಯಾರಿಗೂ ಬಂದಿರಲಿಲ್ಲ. ಜಾತಿಯನ್ನು ಊರಿನಲ್ಲೇ ಬಿಟ್ಟು ಬಂದೆವೆಂದು ನಂಬಿದ್ದ ಸಭೆಯಲ್ಲಿ, ಆ ನಂಬಿಕೆಯನ್ನು ಬೆಂಚುಗಳು ಕಾಪಾಡುತ್ತಿದ್ದವು.

ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹೊಸದಾಗಿ ದೃಢೀಕರಣ ಹೊಂದಿದವರು ತಮ್ಮ ಮೊದಲ ಭೋಜನವನ್ನು ಎಲ್ಲರಿಗಿಂತ ಮೊದಲು ಪಡೆಯುತ್ತಿದ್ದರು. ಈ ಎರಡು ಪದ್ಧತಿಗಳು ಒಂದನ್ನೊಂದು ಎದುರಿಸಿದ್ದು ಆ ವರ್ಷವೇ.

ಪಾಠದ ನಡುವೆ ಒಂದು ದಿನ, ದೇವರು ಪಕ್ಷಪಾತಿಯೋ ಎಂಬ ಪ್ರಶ್ನೆ ಬಂತು. ದೇವರು ಯಾರ ಮುಖವನ್ನೂ ನೋಡಿ ತೀರ್ಪು ಕೊಡುವುದಿಲ್ಲ ಎಂದು ಹುಡುಗಿ ಕ್ರಿಯಾಪದಸಹಿತ ಸರಿಯಾಗಿ ಒಪ್ಪಿಸಿದಳು. ಒಪ್ಪಿಸಿ ಸುಮ್ಮನಾಗಲಿಲ್ಲ.

“ಮುಖಾನೇ ನೋಡಲ್ಲಾಂದ್ರೆ, ನಾವು ಯಾರೂಂತ ಅವರಿಗೆ ಎಪ್ಪಡಿ ತೆರಿಯುಂ, ಸಾರ್?”

ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿ ಕೇಳು ಎಂದೆ. ನಾವು ಯಾರೆಂದು ದೇವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಕನ್ನಡದಲ್ಲಿ ಅದು ಇನ್ನಷ್ಟು ಕಷ್ಟವಾಗಿ ಕಂಡಿತು. ಮುಂದಿನ ವಾರ ಹೇಳುತ್ತೇನೆಂದು ಹೇಳಿ, ತಿಂಗಳಿಗೊಮ್ಮೆ ಬರುತ್ತಿದ್ದ ಸಭಾಪಾಲಕರ ಮುಂದೆ ಅದನ್ನು ಇಟ್ಟೆ. ಅವರು ಮೈಸೂರಿನ ಕಡೆಯ ಮುದುಕರು, ಮಿತಭಾಷಿಗಳು. ಮೇಜಿನ ಮೇಲಿನ ಕನ್ನಡಕವನ್ನು ಒರೆಸುತ್ತ, “ಮುಖ ನೋಡ್ತಾನೆ ಮೇಷ್ಟ್ರೆ. ನೋಡಿ ಮಣೆ ಹಾಕಲ್ಲ, ಅಷ್ಟೇ,” ಎಂದರು.

ಅದೇ ದಿನ ಹುಡುಗಿಯ ತಾಯಿ ನನ್ನನ್ನು ಬಾಗಿಲ ಬಳಿ ತಡೆದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

“ಸಾರ್, ಮಗಳ್ನ ಕಡೇಲಿ ಕರೀಕ್ಕೆ ಹೇಳಿ ಅಯ್ಯನವರಿಗೆ.”

“ಪದ್ಧತಿ ಹಾಗಿಲ್ಲವಲ್ಲ.”

“ಪದ್ಧತಿ ನಂಗೂ ಗೊತ್ತು. ಇವಳು ಕುಡಿದ್ಮೇಲೆ ಯಾರೂ ಬರ್ಲಿಲ್ಲಾಂದ್ರೆ? ಪಾತ್ರೆ ಅಂಗೇ ನಿಂತೋದ್ರೆ? ಅದು ಇವಳ ಮೇಲೆ ನಿಂತ್ಕೊಳ್ತದೆ ಸಾರ್. ಮದುವೆ ಆಗಿ ಬೇರೆ ಊರಿಗೆ ಹೋದ್ರೂ ಹಿಂದೇನೇ ಬರ್ತದೆ.”

ಮಗಳು ಪಕ್ಕದಲ್ಲೇ ಇದ್ದಳು. “ಬರ್ಲಿ ಬಿಡಮ್ಮ. ಅವರ ಜೊತೆ ಒಂದೇ ಪಾತ್ರೇಲಿ ಕುಡಿಯಕ್ಕೇ ತಾನೇ ಇಷ್ಟು ದಿನ ಪಾಠ ಓದಿದ್ದು?”

“ನೀ ಬಾಯಿ ಮುಚ್ಚು,” ಎಂದಳು ತಾಯಿ.

ನಾನು ಆ ಕೋರಿಕೆಯನ್ನು ಸಭಾಪಾಲಕರಿಗೆ ಯಥಾವತ್ತಾಗಿ ತಿಳಿಸಿದೆ. ಅವರು ಒಪ್ಪಲಿಲ್ಲ. ಆದರೆ ವಿಷಯ ಆ ವೇಳೆಗೆ ಹಿರಿಯರ ಕಿವಿಗೂ ಬಿದ್ದಿತ್ತು. ಮೊದಲ ಬೆಂಚಿನ ಮೊದಲ ಸ್ಥಾನ ಒಬ್ಬ ಫೋರ್‌ಮನ್ನರದು. ಹುಬ್ಬಳ್ಳಿಯವರು, ಕಬ್ಬಿಣದ ಕೆಲಸದಲ್ಲಿ ಹೆಸರಾದವರು. ಇತರರು ಏಳುವ ಮೊದಲು ಅವರು ಎದ್ದರೇ ಎಂದು ನೋಡುತ್ತಿದ್ದರು. ಆರಾಧನೆಯ ನಂತರ ಹಿರಿಯರು ಸೇರಿದಾಗ ಅವರೇ ಮಾತು ತೆಗೆದರು.

“ನಾ ಯಾರ ಬಗ್ಗೆನೂ ಹೇಳಾಕತ್ತಿಲ್ಲ, ಅಯ್ಯನವರ. ಕ್ಷಯದ ಕಾಲ ಐತಿ. ಒಂದ ಪಾತ್ರಿಗೆ ಇಷ್ಟ ಮಂದಿ ಬಾಯಿ ಹಚ್ಚೋದು ಆರೋಗ್ಯಕ್ಕ ಚಲೋ ಅಲ್ಲ.”

ಮಂಗಳೂರಿನ ಗುಮಾಸ್ತರೊಬ್ಬರು ಕಿಟಕಿಯ ಕಡೆ ನೋಡುತ್ತ ಹೇಳಿದರು: “ಇಷ್ಟು ವರ್ಷ ಕ್ಷಯಕ್ಕೆ ರಜೆ ಇತ್ತಾ ಮಾರಾಯ್ರೆ?”

“ನೀವು ಸುಮ್ನಿರ್ರಿ. ಮೀನ ತಿಂದು ಬೆಳದ ಮಂದಿ, ನಿಮಗೇನೂ ಆಗಂಗಿಲ್ಲ.”

“ಹಾಗಾದರೆ ಇಲ್ಲಿಯವರ ಹಾಗೆ ಎತ್ತಿ ಕುಡಿಯುವ. ಅಯ್ಯನವರು ಮೇಲಿಂದ ಹೊಯ್ಯಲಿ, ನಾವು ಬಾಯಿ ತೆರೆದು ಸಾಲಾಗಿ ಕೂತುಕೊಳ್ಳುವ.”

ಕೆಲವರು ನಕ್ಕರು. ಫೋರ್‌ಮನ್ನರು ನಗಲಿಲ್ಲ. ಬೇರೆ ಕಡೆಯ ಕೆಲವು ಸಭೆಗಳಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಗಾಜಿನ ಲೋಟ ಕೊಡುವ ಪದ್ಧತಿಯಿದೆ, ನಾವೂ ಹಾಗೆ ಮಾಡಬಹುದು, ಲೋಟಗಳನ್ನು ನಿಲ್ಲಿಸುವ ಹಲಗೆಯನ್ನು ತಾನೇ ಮಾಡಿಕೊಡುತ್ತೇನೆ ಎಂದರು.

ಸಭಾಪಾಲಕರು ಹೇಳಿದರು: “ಮಾಡಿ. ಆದ್ರೆ ಸರದಿ ಬದಲಾಗಲ್ಲ. ಮೊದಲು ಹೊಸಬಳು, ಆಮೇಲೆ ನೀವು.”

“ಆಗ್ಲಿ,” ಎಂದರು ಫೋರ್‌ಮನ್ನರು. ಅವರ ಮುಖ ಹಗುರವಾಗಿತ್ತು.

ಸುದ್ದಿ ಕೇಳಿ ತಾಯಿಯೂ ಹಗುರವಾದಳು. ಲೋಟವಾದರೆ ಯಾರೂ ಹಿಂದೆ ಉಳಿಯುವುದಿಲ್ಲವೆಂದು ಅವಳ ಲೆಕ್ಕ. ಮಗಳು ಮಾತ್ರ ಆ ವಾರದ ಪಾಠದಲ್ಲಿ ಎಲ್ಲ ಪ್ರಶ್ನೆಗಳಿಗೂ ತಪ್ಪಿಲ್ಲದ ಉತ್ತರ ಕೊಟ್ಟಳು, ಹೆಚ್ಚಿನದೇನನ್ನೂ ಕೇಳಲಿಲ್ಲ.

ಆ ಲೋಟಗಳ ಬಗೆಗೆ ನಾನು ಆಗಲೂ ಯೋಚಿಸಿದ್ದೆ, ಅನಂತರವೂ ಯೋಚಿಸಿದ್ದೇನೆ. ನ್ಯಾಯದ ದೃಷ್ಟಿಯಿಂದ ಅವುಗಳಲ್ಲಿ ದೋಷ ಹುಡುಕುವುದು ಸುಲಭವಲ್ಲ. ಎಲ್ಲ ಲೋಟಗಳ ಅಳತೆಯೂ ಒಂದೇ; ಫೋರ್‌ಮನ್ನರಿಗೆ ಒಂದು ಹನಿ ಹೆಚ್ಚಿಲ್ಲ, ತೊಗಲಿನ ಕೆಲಸದವನ ಮಗಳಿಗೆ ಒಂದು ಹನಿ ಕಡಿಮೆಯಿಲ್ಲ. ಆದರೆ ಸಮನಾಗಿ ಹಂಚುವುದು ಬೇರೆ, ಒಂದನ್ನೇ ಹಂಚಿಕೊಳ್ಳುವುದು ಬೇರೆ. ದೇವರು ನಿಷ್ಪಕ್ಷಪಾತಿ ಎಂದು ಕಲಿಸುವಾಗ ನಾವು ಸಾಮಾನ್ಯವಾಗಿ ಮೊದಲನೆಯದನ್ನೇ ಮನಸ್ಸಿನಲ್ಲಿಟ್ಟುಕೊಂಡಿರುತ್ತೇವೆ: ಎತ್ತರದಲ್ಲಿ ಕುಳಿತ ಒಬ್ಬ ನ್ಯಾಯಾಧಿಪತಿ, ಕೈಯಲ್ಲಿ ತಕ್ಕಡಿ. ಭೋಜನದ ಪಂಕ್ತಿಯಲ್ಲಿ ತಕ್ಕಡಿಗೆ ಕೆಲಸವಿಲ್ಲ. ಪಂಕ್ತಿಭೇದವಾಯಿತೇ ಇಲ್ಲವೇ ಎಂಬುದನ್ನು ಬಡಿಸಿದ ಪ್ರಮಾಣ ಹೇಳುವುದಿಲ್ಲ, ಪಕ್ಕದಲ್ಲಿ ಕುಳಿತವರು ಯಾರೆಂಬುದು ಹೇಳುತ್ತದೆ.

ಹಲಗೆ ಬಂತು. ಕೆಲಸದಲ್ಲಿ ಒಂದು ಕೊರತೆಯನ್ನೂ ತೋರಿಸಲು ಸಾಧ್ಯವಿರಲಿಲ್ಲ. ಮಾವಿನ ದಪ್ಪ ಹಲಗೆಯಲ್ಲಿ ಸಾಲುಸಾಲಾಗಿ ರಂಧ್ರಗಳು. ಪ್ರತಿಯೊಂದು ಲೋಟವೂ ತನ್ನ ರಂಧ್ರದಲ್ಲಿ ಕೂದಲೆಳೆಯಷ್ಟೂ ಅಲುಗದೆ ಕುಳಿತಿತ್ತು. ಅಂಚಿಗೆ ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿದು ರಿವೆಟ್ ಹೊಡೆದಿದ್ದರು. ಅಲ್ಲಾಡಿದರೆ ಕೆಲಸಗಾರನ ಮಾನ ಹೋಗುತ್ತದೆ ಎಂಬುದು ಅವರ ಮಾತು. ಭೋಜನದ ಭಾನುವಾರಕ್ಕೆ ಮುಂಚಿತವಾಗಿಯೇ ಲೋಟಗಳ ಸಮೇತ ಹಲಗೆಯನ್ನು ತಂದು ವೇದಿಯ ಪಕ್ಕದ ಕೋಣೆಯಲ್ಲಿಟ್ಟರು.

ಅದು ತಮಿಳರ ಐಪ್ಪಶಿ ತಿಂಗಳ ಮಳೆಯ ಕಾಲ. ಆ ವಾರವಿಡೀ ಮಳೆ ಬಿಡಲಿಲ್ಲ. ಕೋಣೆಯ ಗೋಡೆಗಳಲ್ಲಿ ನೀರು ಜಿನುಗಿತು, ಗೀತೆಗಳ ಪುಸ್ತಕಗಳ ಹಾಳೆಗಳು ಒಂದಕ್ಕೊಂದು ಅಂಟಿದವು. ಶನಿವಾರ ಬಿಷಪ್ಪರು ಬಂದು, ತಮಿಳು ಮಕ್ಕಳ ಜೊತೆಗೆ ನಮ್ಮ ಹುಡುಗಿಯ ತಲೆಯ ಮೇಲೂ ಕೈಯಿಟ್ಟು ದೃಢೀಕರಣ ಮಾಡಿ ಹೋದರು. ಅವಳ ಮೊದಲ ಭೋಜನ ಮರುದಿನ ಮಧ್ಯಾಹ್ನ, ನಮ್ಮ ಸಭೆಯಲ್ಲಿ.

ಭಾನುವಾರವೂ ಮಳೆ. ಲೋಟಗಳಿಗೆ ದ್ರಾಕ್ಷಾರಸವನ್ನು ಹಲಗೆಯಲ್ಲಿದ್ದಂತೆಯೇ ಹೊಯ್ದಿದ್ದರು. ಸಭಾಪಾಲಕರ ಸ್ವಂತಕ್ಕೆಂದು ಹಳೆಯ ಬೆಳ್ಳಿಯ ಪಾತ್ರೆಯನ್ನೂ ತುಂಬಿ ಮೇಜಿನ ಮೇಲೆ ಇಟ್ಟಿದ್ದರು. ಬಿಳಿಯ ಸೀರೆಯುಟ್ಟ ಹುಡುಗಿ ಬಾಗಿಲ ಬಳಿಯಿಂದ ಎದ್ದು, ಎಲ್ಲ ಬೆಂಚುಗಳನ್ನು ದಾಟಿ ಬಂದು, ಕಟಕಟೆಯ ಬಳಿ ಒಬ್ಬಳೇ ಮೊಣಕಾಲೂರಿದಳು. ರೊಟ್ಟಿಯನ್ನು ಕೊಟ್ಟ ಮೇಲೆ ಸಭಾಪಾಲಕರು ಹಲಗೆಯನ್ನು ಕಟಕಟೆಯ ಮೇಲಿಟ್ಟು ಒಂದು ಲೋಟಕ್ಕೆ ಕೈ ಹಾಕಿದರು. ಲೋಟ ಬರಲಿಲ್ಲ. ಇನ್ನೊಂದನ್ನು ಹಿಡಿದರು. ಅದೂ ಬರಲಿಲ್ಲ.

ಮಾವಿನ ಹಲಗೆ ಮಳೆಯ ತೇವವನ್ನು ಕುಡಿದು ಹಿಗ್ಗಿತ್ತು. ಹೊರಕ್ಕೆ ಹಿಗ್ಗಲು ಕಬ್ಬಿಣದ ಪಟ್ಟಿ ಬಿಟ್ಟಿರಲಿಲ್ಲ. ಒಳಕ್ಕೇ ಹಿಗ್ಗಿ ಲೋಟಗಳ ಕೊರಳು ಹಿಡಿದಿತ್ತು. ಬಡಗಿಯಾಗಿದ್ದರೆ ಮರಕ್ಕೆ ಉಸಿರಾಡಲು ಎಡೆ ಬಿಡುತ್ತಿದ್ದ. ಕಬ್ಬಿಣದವರು ಬಿಟ್ಟಿರಲಿಲ್ಲ.

ಮಂಗಳೂರಿನ ಗುಮಾಸ್ತರ ಮೆಲುದನಿ ಎರಡು ಬೆಂಚುಗಳಿಗೆ ಕೇಳುವಷ್ಟಿತ್ತು: “ಫೋರ್‌ಮನ್ನರೇ, ಸ್ಪ್ಯಾನರ್ ಬೇಕಾ?”

ಫೋರ್‌ಮನ್ನರ ಕಿವಿ ಕೆಂಪಾಯಿತು. ಅವರು ಎದ್ದು ನೇರವಾಗಿ ಕಟಕಟೆಯ ಬಳಿಗೆ ಹೋದರು. ಹೋದದ್ದು ಭೋಜನಕ್ಕಲ್ಲ, ತನ್ನ ಕೆಲಸದ ಮಾನ ಉಳಿಸಿಕೊಳ್ಳಲು. ಹಲಗೆ ಕಟಕಟೆಯ ಮೇಲಿದ್ದುದರಿಂದ, ಲೋಟವನ್ನು ಕೆಳಗಿನಿಂದ ಒತ್ತಿ ನೋಡಬೇಕಾದರೆ ಮೊಣಕಾಲೂರಲೇಬೇಕು. ಹುಡುಗಿಯ ಪಕ್ಕದಲ್ಲಿ ಮೊಣಕಾಲೂರಿ, ಹೆಬ್ಬೆರಳಿನಿಂದ ಒಂದೊಂದೇ ಲೋಟವನ್ನು ಒತ್ತತೊಡಗಿದರು.

ಸಭಾಪಾಲಕರು ಅವರನ್ನು ಸ್ವಲ್ಪ ಹೊತ್ತು ನೋಡಿದರು. ಅನಂತರ ಮೇಜಿನ ಬಳಿಗೆ ಹೋಗಿ ಬೆಳ್ಳಿಯ ಪಾತ್ರೆಯನ್ನು ತಂದರು. ನಿತ್ಯದ ಮಾತುಗಳನ್ನು ನಿತ್ಯದ ದನಿಯಲ್ಲೇ ಹೇಳಿ ಹುಡುಗಿಯ ತುಟಿಗೆ ತಾಗಿಸಿದರು. ಅವಳು ಕುಡಿದಳು. ಅವರು ಪಾತ್ರೆಯ ಅಂಚನ್ನು ಬಿಳಿಯ ಬಟ್ಟೆಯಿಂದ, ಎಂದಿನಂತೆ, ಒಂದು ಸಾರಿ ಒರೆಸಿದರು. ಒಂದು ಹೆಜ್ಜೆ ಸರಿದು ಪಾತ್ರೆಯನ್ನು ಫೋರ್‌ಮನ್ನರ ಮುಂದೆ ಹಿಡಿದರು.

ಅವರ ಹೆಬ್ಬೆರಳು ಇನ್ನೂ ಹಲಗೆಯ ಕೆಳಗಿತ್ತು. ತಲೆಯೆತ್ತಿ ನೋಡಿದರು. ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ನಾನು ಹಿಂತಿರುಗಿ ಬಾಗಿಲ ಕಡೆ ನೋಡಿದೆ. ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಫೋರ್‌ಮನ್ನರು ಕೈಯನ್ನು ಹೊರಗೆ ತೆಗೆದು ಅಂಗಿಗೆ ಒರೆಸಿಕೊಂಡರು. ಬಾಯಿ ತೆರೆದು, ಕುಡಿದರು.

ಅವರ ಹೆಂಡತಿ ಎದ್ದಳು, ಅವರ ಬೆಂಚು ಎದ್ದಿತು, ಹಿಂದಿನ ಬೆಂಚುಗಳು ಎದ್ದವು. ಎಲ್ಲರೂ ಎದ್ದರೆಂದು ಹೇಳಲಾರೆ. ಎರಡು ಕುಟುಂಬಗಳು ಕುಳಿತೇ ಇದ್ದವು. ಅವರಲ್ಲೊಂದು ಮುಂದಿನ ತಿಂಗಳು ಬಂತು, ಇನ್ನೊಂದು ತಮಿಳು ಸಭೆಗೆ ಸೇರಿಕೊಂಡಿತು. ಕೊನೆಗೆ ತಾಯಿ ಬಂದು ಕುಡಿದಳು. ಪಾತ್ರೆಯಲ್ಲಿ ಉಳಿದದ್ದನ್ನು, ನಿಯಮದಂತೆ, ಸಭಾಪಾಲಕರು ತಾವೇ ಕುಡಿದು ಮುಗಿಸಿದರು. ಅವರು ಪ್ರತಿ ತಿಂಗಳೂ ಹಾಗೆ ಕ್ರೋಂಪೇಟೆಯವರ ನಂತರ ಕುಡಿಯುತ್ತಿದ್ದರೆಂಬುದು ನನ್ನ ಗಮನಕ್ಕೆ ಬಂದದ್ದು ಅಂದೇ.

ಈ ಘಟನೆಯನ್ನು ದೇವರ ಕೈವಾಡವೆಂದು ಸಭೆಯ ಕೆಲವರು ಹೇಳಿದರು. ನಾನು ಹಾಗೆ ಬರೆಯಲಾರೆ. ಮಳೆ ಆ ವಾರ ಪೆರಂಬೂರಿನ ಎಲ್ಲ ಹಲಗೆಗಳ ಮೇಲೂ ಒಂದೇ ಸಮನಾಗಿ ಬಿದ್ದಿತ್ತು. ಕ್ರೋಂಪೇಟೆಯ ಅಂಗಳಗಳಲ್ಲಿ ಒಣಹಾಕಿದ್ದ ತೊಗಲುಗಳನ್ನೂ ಅದು ಬಿಟ್ಟಿರಲಿಲ್ಲ. ಅಷ್ಟನ್ನು ಮಾತ್ರ ನಾನು ಖಚಿತವಾಗಿ ಬಲ್ಲೆ.

ಸಂಜೆ ನನ್ನ ಕೊಡೆಯಲ್ಲಿ ತಾಯಿ ಮಗಳನ್ನು ನಿಲ್ದಾಣದವರೆಗೆ ಬಿಟ್ಟೆ. ಗಾಡಿ ತಡವಾಗಿತ್ತು. ಹುಡುಗಿ ಹಳಿಗಳನ್ನು ನೋಡುತ್ತ ಹೇಳಿದಳು: “ಅವರು ಕಣ್ಣು ಮುಚ್ಕೊಂಡು ಕುಡಿದ್ರು, ಸಾರ್. ನಾ ಪಾತ್ತೇನ್, ನಾನೇ ನೋಡ್ದೆ.”

“ಭಕ್ತಿಯಿಂದ ಇರಬಹುದು,” ಎಂದೆ.

“ಭಕ್ತಿಯಿಂದ ಇಲ್ಲ, ಸಾರ್.”

ತಾಯಿ ಅವಳ ಒದ್ದೆಯಾದ ಸೆರಗನ್ನು ಹಿಂಡಿ ಸರಿಪಡಿಸಿದಳು. “ಕಣ್ಣು ಮುಚ್ಲಿ, ತೆರೀಲಿ. ನೀನಾದ್ಮೇಲೆ ಕುಡಿದ್ರಲ್ಲ,” ಎಂದಳು. ಅಷ್ಟರಲ್ಲಿ ಗಾಡಿ ಬಂತು.