ಮೇಳಕ್ಕೆ ಹೊರಟ ಮೂರು ಕಾಲಿನ ಮೇಕೆ

ಕೋಳಿ ಕೂಗುವ ಹೊತ್ತು. ಬೇಕರಿಯ ಹಿಂಬಾಗಿಲಲ್ಲಿ ನಿಂತರೆ ಮೊದಲು ಕೇಳುವುದು ಕಟಕ್ ಎಂಬ ಸದ್ದು. ಗುಡ್ರುನ್ ಷೆಂಪ್ ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಹಸಿ ಬ್ರೆಟ್ಸೆಲ್‌ಗಳನ್ನು ಹೊತ್ತ ತಂತಿಯ ಜರಡಿ ತೊಟ್ಟಿಗಿಳಿದು, ಮುಳುಗಿ, ನೀರು ಸೋರಿಸಿಕೊಂಡು ಮೇಲೆ ಬರುತ್ತದೆ. ತೊಟ್ಟಿಯಲ್ಲಿರುವುದು ಕಾಸ್ಟಿಕ್ ಸೋಡಾ ಕದಡಿದ ನೀರು. ಗಂಟು ಹಾಕಿದ ಈ ರೊಟ್ಟಿಗೆ ಕಂದು ಹೊಳಪು ಬರುವುದು ಅದರಿಂದಲೇ. ಚರ್ಮಕ್ಕೆ ಬಿದ್ದರೆ ಸುಡುವುದೂ ಅದೇ.

ಬೆಣ್ಣೆ ಸವರಿದ ಬ್ರೆಟ್ಸೆಲ್ ತಿನ್ನದೆ ನಮ್ಮೂರಿನಲ್ಲಿ ಯಾರಿಗೂ ಬೆಳಗಾಗುವುದಿಲ್ಲ, ನನಗಂತೂ ಇಲ್ಲವೇ ಇಲ್ಲ. ಅದನ್ನು ಅದ್ದುವ ಕೈಯನ್ನು ಹತ್ತಿರದಿಂದ ನೋಡಿದ್ದು ಮಾತ್ರ ಈ ವಾರ, ಪತ್ರಿಕೆಗೆ ಬರೆಯಲು ಬಂದಾಗ. ನೋಡಿ ಬೆಚ್ಚಿಬಿದ್ದೆ. ಗುಡ್ರುನ್ ಅವರ ಮಣಿಕಟ್ಟಿನಿಂದ ಮೊಣಕೈವರೆಗೆ ಬಿಳಿಚಿದ ಸುಟ್ಟ ಕಲೆಗಳು. ಎಡಗಣ್ಣಿನ ಮೇಲೊಂದು ತೆಳು ಪೊರೆ.

"ಗ್ಲೌಸ್ ಇತ್ತಪ್ಪ," ಎಂದು ಅವರು ನಗುತ್ತಾರೆ. "ಒಂದು ಹನಿ ಗ್ಲೌಸ್ ಒಳಗೆ ಇಳಿದ್ರೆ ಹೊರಗೆ ಬರಲ್ವಲ್ಲ, ಅದೇ ಕಷ್ಟ. ಕಣ್ಣಿಗೆ ಹಾರಿದ ದಿನ ಮಾತ್ರ ಹೆದರ್ಕೊಂಡೆ. ನಲ್ಲಿ ಕೆಳಗೆ ತಲೆ ಇಟ್ಕೊಂಡು, ಇನ್ನು ಜನ್ಮದಲ್ಲಿ ಕೈ ಅದ್ದಲ್ಲ ಅಂದ್ಕೊಂಡೆ. ರಜ ಮುಗೀತು, ಬಂದೆ, ಅದ್ದಿದೆ. ಇನ್ನೇನ್ ಮಾಡೋದು?"

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಕೋಣೆ ತುಂಬುವ ಯಂತ್ರಗಳಿವೆ. ಸಣ್ಣ ಬೇಕರಿಯಲ್ಲಿ ಕೈಯೇ ಯಂತ್ರ. ಅದಕ್ಕೇ ಗುಡ್ರುನ್ ಭಾನುವಾರಗಳಲ್ಲಿ ಗ್ಯಾರೇಜಿನಲ್ಲಿ ಕೂತು ಈ ಪೆಡಲ್ ಯಂತ್ರವನ್ನು ಕಟ್ಟಿದರು. ಆಸ್ಪತ್ರೆಯವರು ಬಿಸಾಕಿದ ಸ್ಟೀಲಿನ ಗಾಡಿ, ಅಮ್ಮನ ಹೊಲಿಗೆ ಯಂತ್ರದ ಪೆಡಲ್. ಗಾಡಿಯ ಒಂದು ಕಾಲು ಮುರಿದಿತ್ತು, ಹಾಗೇ ಬಿಟ್ಟರು. ಹಿರಿಯ ರೊಟ್ಟಿಗಾರ ಲೋಥಾರ್ ಡೈಬರ್ ಅದಕ್ಕೆ ಮೇಕೆ ಎಂದು ಹೆಸರಿಟ್ಟರು. "ಏನಮ್ಮ, ನಿನ್ ಕುಂಟ ಮೇಕೆ ಇವತ್ತು ಹಾಲು ಕೊಡ್ತಾ?" ಎನ್ನದೆ ಅವರ ದಿನ ಶುರುವಾಗುವುದಿಲ್ಲ. ಬೈಯದಿದ್ದರೆ ಅದೇ ಹೊಗಳಿಕೆ ಎನ್ನುವುದು ನಮ್ಮ ಸೀಮೆಯ ಮಾತು. ಆ ಲೆಕ್ಕದಲ್ಲಿ ಮೇಕೆಗೆ ಇದುವರೆಗೆ ಒಂದು ಹೊಗಳಿಕೆಯೂ ಸಿಕ್ಕಿಲ್ಲ.

ನಾಳೆಯಿಂದ ಸೋಮವಾರದವರೆಗೆ ಸ್ಟುಟ್‌ಗಾರ್ಟ್‌ನಲ್ಲಿ ಬೇಕರಿ ಸಾಮಾನುಗಳ ಮೇಳ. ಹೊಸ ಸಲಕರಣೆಗಳ ಸಾಲಿನಲ್ಲಿ ಗುಡ್ರುನ್‌ಗೂ ಒಂದು ಮೂಲೆ ಸಿಕ್ಕಿದೆ. ಯಾರಾದರೂ ತಯಾರಕರು ಇದನ್ನು ಮಾಡಲು ಒಪ್ಪಿದರೆ ಎಷ್ಟೋ ಸಣ್ಣ ಬೇಕರಿಗಳ ಕೈಗಳು ತೊಟ್ಟಿಯಿಂದ ಹೊರಬಂದಾವು. ಕುಂಟ ಮೇಕೆಯನ್ನು ಪಟ್ಟಣಕ್ಕೆ ಒಯ್ಯುವುದು ಮರ್ಯಾದೆಯಲ್ಲವೆಂದು ತಂಗಿಯ ಗಂಡ, ಬೆಸುಗೆ ಕೆಲಸದ ಅನ್ಸೆಲ್ಮ್, ಫಳಫಳ ಹೊಳೆಯುವ ಹೊಸದೊಂದನ್ನು ಮಾಡಿಕೊಟ್ಟರು. ಅದಕ್ಕೆ ನಾಲ್ಕು ಕಾಲು.

ನಿನ್ನೆ ಮಧ್ಯಾಹ್ನ ಅದರ ಪರೀಕ್ಷೆ. ಗುಡ್ರುನ್ ತೊಟ್ಟಿಗೆ ಕಾಸ್ಟಿಕ್ ನೀರು ಸುರಿದು ಪೆಡಲ್ ಒತ್ತಿದ್ದೇ ತಡ, ಜರಡಿಯ ಸುತ್ತ ಬುಳುಬುಳು ಗುಳ್ಳೆ. ನೀರು ಬೂದಿ ಬಣ್ಣಕ್ಕೆ ತಿರುಗಿತು. ಮೇಲೆ ಬಂದ ಬ್ರೆಟ್ಸೆಲ್‌ಗಳ ಮೈತುಂಬ ಕರಿ ಕಲೆ.

"ಅಲ್ಯುಮಿನಿಯಂ!" ಲೋಥಾರ್ ಕಿರುಚಿದರು. "ಅಯ್ಯೋ ಪುಣ್ಯಾತ್ಮ, ಕಾಸ್ಟಿಕ್‌ಗೆ ಅಲ್ಯುಮಿನಿಯಂ ಹಾಕ್ತಾರೇನೋ?"

ಅನ್ಸೆಲ್ಮ್ ಜರಡಿಯ ಮೇಲೆ ಬಗ್ಗಿ ನೋಡಿದರು. "ಮೇಳದಲ್ಲಿ ಬರೀ ನೀರು ಹಾಕಿ ತೋರಿಸ್ತಾಳೆ ಅಂದ್ಕೊಂಡೆ. ಹೊರೋಕೆ ಹಗುರ ಇರ್ಲಿ ಅಂತ..."

ಗುಡ್ರುನ್ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು. "ಎತ್ತಿದಾಗ್ಲೇ ನಂಗೆ ಗೊತ್ತಾಗ್ಬೇಕಿತ್ತು. ಸಂತೋಷಕ್ಕೆ ಹಗುರ ಅನ್ನಿಸ್ತಿದೆ ಅಂದ್ಕೊಂಡೆ."

ನೀರು ಹಾಕಿಯೇ ತೋರಿಸಿದರಾಯಿತಲ್ಲ ಎಂದು ನಾನು ಬಾಯಿ ಹಾಕಿದೆ. "ನೀರಲ್ಲಿ ಅದ್ದಿದ್ದು ಬೆಂದ್ಮೇಲೆ ಹೆಣದ ಹಾಗೆ ಬೆಳ್ಳಗೆ ಇರುತ್ತೆ. ಬೇಕರಿಯವರ ಮುಂದೆ ಅದನ್ನ ಇಡ್ಲಾ?" ಎಂದರು ಗುಡ್ರುನ್. ಹಾಗಾದರೆ ಹಳೇ ಮೇಕೆ? ಅದಕ್ಕೆ ಅವರು ತಲೆ ಅಡ್ಡಡ್ಡ ಆಡಿಸಿದರು. "ಅದನ್ನ ಒಯ್ದ್ರೆ ಇಲ್ಲಿ ಲೋಥಾರ್ ಕೈ ಅದ್ದಬೇಕು. ಒಬ್ಬರ ಕೈ ತೊಟ್ಟೀಲಿ ಇಡಿಸಿ, ಕೈ ಉಳಿಸೋ ಯಂತ್ರ ತೋರ್ಸೋಕೆ ಹೋಗ್ಲಾ? ಬೇಡ. ಮೇಳಾನೇ ಬೇಡ."

ಮೇಳದ ಮೂಲೆ ಜೋಡಿಸಲು ಇವತ್ತೇ ಹೊರಡಬೇಕು. ಗುಡ್ರುನ್ ಮಾತ್ರ ಎಂದಿನಂತೆ ಪೆಡಲ್ ಒತ್ತುತ್ತಿದ್ದಾರೆ. ಅರ್ಧ ಹಲಗೆ ಬ್ರೆಟ್ಸೆಲ್ ಇನ್ನೂ ಬಾಕಿ. ಅಷ್ಟರಲ್ಲಿ ಲೋಥಾರ್ ಬರುತ್ತಾರೆ. ಹಾಲಿನ ಮಾತಿಲ್ಲ, ಕುಂಟಿನ ಮಾತಿಲ್ಲ. ಮೇಕೆಯನ್ನು ತೊಟ್ಟಿಯಿಂದ ಬಿಡಿಸಿ, ತೊಳೆದು, ಹೊತ್ತುಕೊಂಡು ಹೋಗಿ ಅಂಗಳದಲ್ಲಿ ಕಾಯುತ್ತಿರುವ ಅನ್ಸೆಲ್ಮ್ ಅವರ ವ್ಯಾನಿಗೇರಿಸುತ್ತಾರೆ. ವಾಪಸ್ ಬಂದು ಮೊಳೆಗೆ ತೂಗುಹಾಕಿದ ಹಳೇ ಗ್ಲೌಸ್ ಎಳೆದುಕೊಳ್ಳುತ್ತಾರೆ. ನಾವು ನೋಡುತ್ತಿದ್ದಂತೆಯೇ ಕೈ ಕಾಸ್ಟಿಕ್ ನೀರಿಗಿಳಿಯುತ್ತದೆ. ಗುಡ್ರುನ್ ಕೂಗುತ್ತಾರೆ.

"ಲೋಥಾರ್! ಏನ್ ಮಾಡ್ತಿದೀಯ?"

"ಕಾಣಲ್ವಾ? ಬ್ರೆಟ್ಸೆಲ್ ಅದ್ದುತಿದೀನಿ. ನೀನು ಹೊರಡು."

"ಮೂರು ಕಾಲು ನೋಡಿ ಜನ ನಗ್ತಾರೆ ಕಣೋ."

"ನಗ್ಲಿ. ಕೆಲಸ ಮಾಡುತ್ತಲ್ಲ." ಲೋಥಾರ್ ತಲೆ ಎತ್ತುವುದಿಲ್ಲ. "ಮಂಗಳವಾರ ವಾಪಸ್ ತರ್ಲಿಲ್ಲ ಅಂದ್ರೆ ಅಲ್ಲಿಗೇ ಬಂದು ಎಳ್ಕೊಂಡ್ ಬರ್ತೀನಿ."

ಗುಡ್ರುನ್ ಏಪ್ರನ್ ಕಳಚುವುದನ್ನೂ ಮರೆತು ವ್ಯಾನ್ ಹತ್ತಿ, ಮೇಕೆಯ ಕಾಲು ಹಿಡಿದುಕೊಂಡು ಕೂರುತ್ತಾರೆ. ಮೇಳದಿಂದ ಏನು ಆಸೆ ಎಂದು ಕಿಟಕಿಯಲ್ಲಿ ಕೇಳುತ್ತೇನೆ.

"ಮಂಗಳವಾರ ಬೆಳಿಗ್ಗೆ ಇದು ಇಲ್ಲಿರ್ಬೇಕು. ಅಷ್ಟೇ. ಅವನ ಕೈ ತೊಟ್ಟೀಲಿದೆ."

ವ್ಯಾನ್ ಹೊರಡುತ್ತದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುತ್ತಾರೆ:

"ಕೇಳಿಸ್ಕೊಂಡ್ರಾ? ಲೋಥಾರ್ ಇವತ್ತು ಮೇಕೇನ ಬೈಲೇ ಇಲ್ಲ!"