ನಾಲ್ಕು ಸಲ ಹಿಡಿದ ಪ್ಯಾಂಟು

ನನ್ನ ಗಂಡ ದರ್ಜಿ. ಬೀದಿಯ ಜನ ಅವರನ್ನು ಟೇಪ್ ಮಾಸ್ಟರ್ ಎನ್ನುತ್ತಾರೆ. ಊಟಕ್ಕೆ ಕೂತಾಗಲೂ ಆ ಹಳದಿ ಟೇಪು ಕೊರಳಿನಿಂದ ಇಳಿಯುವುದಿಲ್ಲ. ಮದುವೆಯ ದಿನ ಮಾತ್ರ ತೆಗೆದಿದ್ದರು, ಅದೂ ನಾನು ಹೇಳಿಕಳಿಸಿದ ಮೇಲೆ. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಕಾಜಾ ಹೊಲಿಯುವುದು, ಗುಂಡಿ ಹಾಕುವುದು ನನ್ನ ಪಾಲಿನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಸರ ಮಾಡಿಕೊಳ್ಳುವುದು ಬೇಡ.

ಅವರ ಅಂಗಡಿಗೆ ಒಂದೇ ಕಟ್ಟಳೆ. ಮೈಯಳತೆ ತೆಗೆಯದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಯಾರಾದರೂ ಬಂದು, "ನಮ್ಮಣ್ಣನಿಗೆ ಶರಟು ಹೊಲಿಬೇಕು ಮಾಸ್ಟ್ರೇ, ನನ್ನ ಅಳತೇನೇ ತಗೊಳ್ಳಿ, ಇಬ್ಬರದೂ ಒಂದೇ ಮೈಕಟ್ಟು" ಎಂದರೆ ಮುಗಿಯಿತು. "ನಿಮ್ಮಣ್ಣನೇ ಬರಲಿ. ಅವರ ಮೈ ಅವರದು, ನಿಮ್ಮ ಮೈ ನಿಮ್ಮದು" ಎಂದು ಬಟ್ಟೆಯನ್ನು ಮಡಿಸಿ ವಾಪಸು ಕೊಡುತ್ತಿದ್ದರು. ಗಿರಾಕಿ ಮುಖ ಊದಿಸಿಕೊಂಡು ಹೊರಟುಹೋಗುತ್ತಿದ್ದ. ಬಂದವರನ್ನೆಲ್ಲ ಹೀಗೇ ಓಡಿಸಿ ಎಂದು ನಾನು ಗೊಣಗುತ್ತಿದ್ದೆ.

ಇಂಥ ಮನುಷ್ಯ ಎರಡು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದರು. ಬೇರೆಯವರು ಸೊರಗಿದರೆ ಪ್ಯಾಂಟು ಜಾರುತ್ತದೆ, ಅಂಗಿ ಜೋತುಬೀಳುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ. ಇವರು ಮೈ ಇಳಿದಷ್ಟೂ ನಾನು ಮೇಲೆ ಅಡುಗೆಮನೆಯಲ್ಲಿದ್ದಾಗ ತಮ್ಮ ಬಟ್ಟೆಗಳನ್ನು ತಾವೇ ಒಳಗೊಂದು ಹೊಲಿಗೆ ಹಾಕಿ ಹಿಡಿದುಬಿಡುತ್ತಿದ್ದರು. ಬಟ್ಟೆ ಮೈಗೆ ಅಂಟಿದ ಹಾಗೆ ಸರಿಯಾಗಿ ಕೂರುತ್ತಿತ್ತು. ನಾನು ದಿನಾ ನೋಡುತ್ತಿದ್ದದ್ದು ಆ ಬಟ್ಟೆಯನ್ನು.

ಕಾಯಿಲೆಗಳು ಒಂದರ ಹಿಂದೊಂದು ಬಂದವು. ಮೊದಲು ಸರ್ಪಸುತ್ತು, ಆಮೇಲೆ ಬಾಯೊಳಗೆಲ್ಲ ಬೆಳ್ಳಗೆ ಹುಣ್ಣು, ಆಮೇಲೆ ನಿಲ್ಲದ ಭೇದಿ. ಒಬ್ಬ ಡಾಕ್ಟರು ಟೆನ್ಷನ್ ಎಂದರು. ಇನ್ನೊಬ್ಬರು ಸಕ್ಕರೆ ನೋಡಿಸಿದರು. ಮತ್ತೊಬ್ಬರು ಹೊಟ್ಟೆಗೆ ಮಾತ್ರೆ ಬರೆದರು. ಕೇಳಬೇಕಾದ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹೆಂಡತಿಯ ಜೊತೆ ಬಂದಿದ್ದಾನೆ, ಮಗಳ ಕೈ ಹಿಡಿದಿದ್ದಾನೆ, ಇಂಥ ಸಂಸಾರಸ್ಥನನ್ನು ಏನೆಂದು ಕೇಳುವುದು ಎಂದುಕೊಂಡರೋ ಏನೋ. ನಾನೂ ಆ ಡಾಕ್ಟರುಗಳ ಸಾಲಿನಲ್ಲೇ ಇದ್ದೆ ಬಿಡಿ.

ಕೊನೆಗೆ ಒಣಕೆಮ್ಮು ಹತ್ತಿಕೊಂಡಿತು. ಮೂರನೆಯ ವಾರ, ಕತ್ತರಿ ಕೈಯಲ್ಲಿರುವಾಗಲೇ ಉಸಿರು ಕಟ್ಟಿ ಮೇಜಿನ ಪಕ್ಕದಲ್ಲಿ ಕುಸಿದರು. ದೊಡ್ಡಾಸ್ಪತ್ರೆಯಲ್ಲಿ ಬಟ್ಟೆ ಬದಲಿಸುವಾಗ ನರ್ಸಮ್ಮ ಪ್ಯಾಂಟನ್ನು ತಿರುವಿ ನನ್ನ ಮುಂದೆ ಹಿಡಿದಳು.

"ಏನಮ್ಮಾ ಇದು, ಇಷ್ಟು ಸಲ ಹಿಡಿದಿದ್ದಾರೆ. ನೀವು ನೋಡಲಿಲ್ವಾ?"

ಸೊಂಟದ ಒಳಗೆ ನಾಲ್ಕು ಸಾಲು ಹೊಲಿಗೆ. ಒಂದಕ್ಕಿಂತ ಒಂದು ಒಳಗೆ, ಒಂದಕ್ಕಿಂತ ಒಂದು ನೀಟು. ಆ ಪ್ಯಾಂಟಿನ ಗುಂಡಿ ನಾನೇ ಹಾಕಿದ್ದು.

ಮರುದಿನ ರಕ್ತ ಪರೀಕ್ಷೆಯ ವರದಿ ಬಂತು. ಎಚ್‌ಐವಿ. ತುಂಬಾ ತಡವಾಗಿದೆ, ಆದರೂ ಕೈಮೀರಿಲ್ಲ ಎಂದರು ಡಾಕ್ಟರಮ್ಮ. ಅವರು ಹೊರಗೆ ಹೋದ ಮೇಲೆ ನನ್ನ ಗಂಡ ಗೋಡೆಯ ಕಡೆ ಮುಖ ಮಾಡಿಕೊಂಡೇ ಬಾಯಿಬಿಟ್ಟರು. ಎಂಟು ವರ್ಷದ ಹಿಂದೆ ಸಮವಸ್ತ್ರ ಹೊಲಿಯುವ ಕೆಲಸ ಒಪ್ಪಿಕೊಂಡು ಬೇರೆ ಊರಿನಲ್ಲಿ ಆರು ತಿಂಗಳಿದ್ದರಲ್ಲ, ಅಲ್ಲಿ ಒಬ್ಬಳ ಪರಿಚಯವಾಗಿತ್ತಂತೆ.

"ಬಂದ್ಮೇಲೆ ಭಯ ಇತ್ತು ಕಣೇ. ಅಷ್ಟರಲ್ಲಿ ನೀನು ಬಸುರಿಯಾದೆ. ನಿನ್ನ ರಕ್ತ ಎಲ್ಲ ಪರೀಕ್ಷೆ ಮಾಡಿದ್ರು. ಈ ಕಾಯಿಲೇನೂ ಇಲ್ಲ ಅಂತ ಚೀಟಿ ಬಂತು. ನಿನಗಿಲ್ಲ ಅಂದ್ಮೇಲೆ ನನಗೂ ಇಲ್ಲ ಅಂದ್ಕೊಂಡೆ."

ಆ ಚೀಟಿಯನ್ನು ಅಳತೆ ಪುಸ್ತಕದೊಳಗೆ ಇಷ್ಟು ವರ್ಷ ಮಡಿಸಿಟ್ಟುಕೊಂಡಿದ್ದರಂತೆ.

"ತಮ್ಮನ ಅಳತೆ ಅಣ್ಣನಿಗೆ ಆಗಲ್ಲ ಅಂತ ಗಿರಾಕಿ ಓಡಿಸ್ತಿದ್ರಿ. ಹೆಂಡತಿ ಚೀಟಿ ಮಾತ್ರ ನಿಮಗೆ ಸರಿಹೋಯ್ತಾ?" ಎಂದೆ. ಆಮೇಲೆ ಹದಿನೈದು ದಿನ, ಮಾತ್ರೆ ನುಂಗಿದ್ರಾ ಎನ್ನುವುದನ್ನು ಬಿಟ್ಟು ಅವರೊಂದಿಗೆ ಬೇರೆ ಮಾತಾಡಲಿಲ್ಲ.

ನನ್ನ ರಕ್ತವನ್ನೂ ನೋಡಿದರು, ಏನೂ ಇರಲಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡಿದರು, ಆಗಲೂ ಇರಲಿಲ್ಲ. ತಾಯಿಗೇ ಇಲ್ಲದ ಮೇಲೆ ಮಗಳ ವಿಷಯದಲ್ಲಿ ಭಯವೇ ಬೇಡ ಎಂದರು. ನನ್ನ ಗಂಡ ಆಸ್ಪತ್ರೆಯಿಂದ ಮನೆಗೆ ಬಂದಾಗ ನಲವತ್ತೊಂದು ಕೆಜಿ ಇದ್ದರು. ಬೆಳಗಿನ ಮಾತ್ರೆ ಒಂದು ದಿನವೂ ತಪ್ಪಲಿಲ್ಲ. ನಿಧಾನವಾಗಿ ಕೆನ್ನೆ ತುಂಬಿತು. ಹಿಡಿದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ಮಗಳು ಕೆಳಗೆ ಬಿದ್ದ ದಾರದ ತುಂಡುಗಳನ್ನು ಆಯ್ದುಕೊಂಡು ಆಡುತ್ತಿದ್ದಳು.

ಆದರೆ ನನ್ನನ್ನು ಮುಟ್ಟುವುದನ್ನು ಬಿಟ್ಟರು. ಹಾಸಿಗೆಯನ್ನು ಅಂಗಡಿಗೆ ಇಳಿಸಿದರು. ಗುಂಡಿ ಹಾಕಲು ಶರಟು ಕೊಡುವಾಗ ನನ್ನ ಕೈಗಿಡದೆ ಮೇಜಿನ ಮೇಲಿಟ್ಟು ದೂರ ಸರಿಯುತ್ತಿದ್ದರು. ಮೊದಮೊದಲು ನನಗೂ ಅದೇ ಬೇಕಾಗಿತ್ತು. ಹಾಳಾಗಿ ಹೋಗಲಿ, ಅಲ್ಲೇ ಬಿದ್ದಿರಲಿ ಎಂದುಕೊಂಡಿದ್ದೆ. ಕೋಪ ಎಷ್ಟು ದಿನ ಇರುತ್ತದೆ ಹೇಳಿ. ನನ್ನ ಕೋಪ ಸವೆದುಹೋಯಿತು, ಅವರ ದೂರ ಸವೆಯಲಿಲ್ಲ. ಕೆಳಗೆ ಮಿಷನ್ನಿನ ಸದ್ದು ನಿಂತಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳುತ್ತದೇನೋ ಎಂದು ಒಲೆಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅವರು ಬೇಕಾಗಿತ್ತು. ಟೇಪು ಹಿಡಿದು ಹಿಡಿದು ಗಟ್ಟಿಯಾದ ಆ ಹೆಬ್ಬೆರಳು ಬೇಕಾಗಿತ್ತು. ಎದುರಿಗೇ ಕೂತು ಅನ್ನ ತಿನ್ನುವ ಗಂಡನಿಗಾಗಿ ಹಂಬಲಿಸುವುದು ಎಂಥ ಹಿಂಸೆ ಎಂದು ಯಾರ ಹತ್ತಿರ ಹೇಳಲಿ.

ವರ್ಷ ತುಂಬಿದಾಗ ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. "ರಕ್ತದಲ್ಲಿ ವೈರಸ್ ಕಾಣಿಸ್ತಾ ಇಲ್ಲ, ಆರು ತಿಂಗಳಿಂದ ಹಾಗೇ ಇದೆ. ಮಾತ್ರೆ ಬಿಡದೆ ಹೀಗೇ ಇಟ್ಕೊಂಡ್ರೆ ನೀವು ಕೂಡಿದ್ರೂ ಇವರಿಗೆ ಅಂಟಲ್ಲ. ಗಂಡ ಹೆಂಡತಿಯ ಹಾಗೇ ಇರಿ."

"ಸರಿ ಡಾಕ್ಟ್ರೇ" ಎಂದರು ನನ್ನ ಗಂಡ. ಬಸ್ಸಿನಲ್ಲಿ ನಮ್ಮಿಬ್ಬರ ನಡುವೆ ಕೈಚೀಲ ಇಟ್ಟು ಕೂತರು.

ನಾನು ಒಂದು ವಾರ ನೋಡಿದೆ. ಆಮೇಲೆ ಒಂದು ಮಧ್ಯಾಹ್ನ ಪೆಟ್ಟಿಗೆಯಲ್ಲಿದ್ದ ಬೂದುಬಣ್ಣದ ಉಣ್ಣೆ ಬಟ್ಟೆ ತೆಗೆದುಕೊಂಡು ಹದಿನಾಲ್ಕು ಮೆಟ್ಟಿಲಿಳಿದು ಗಿರಾಕಿಗಳ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಇಬ್ಬರಿದ್ದರು, ಹಿಂದೆ ಬ್ರೆಡ್ ಅಂಗಡಿಯ ಅಜ್ಜ.

"ಏನು ಬೇಕು?" ಎಂದರು ನನ್ನ ಸರದಿ ಬಂದಾಗ, ತಲೆಯೆತ್ತದೆ. ಆಮೇಲೆ ನೋಡಿದರು.

"ಕೋಟು ಹೊಲಿಸ್ಬೇಕು."

"ನಿನ್ನ ಅಳತೆ ಪುಸ್ತಕದಲ್ಲಿದೆ."

"ಅದು ಹಳೇದು. ಮೈಯಳತೆ ತೆಗೀದೆ ಕತ್ತರಿ ಹಾಕಲ್ಲ ಅಂತೀರಲ್ಲ. ಹೆಂಡತಿಗೊಂದು ಕಟ್ಟಳೆ, ಊರಿಗೊಂದಾ?"

"ಸಿಕ್ಕಿಹಾಕಿಕೊಂಡ್ರಿ ಮಾಸ್ಟ್ರೇ" ಎಂದು ಅಜ್ಜ ನಕ್ಕ.

ಅವರು ಕೊರಳಿನಿಂದ ಟೇಪು ತೆಗೆದರು. ಭುಜದಿಂದ ಮಣಿಕಟ್ಟಿನವರೆಗೆ, ಬೆರಳು ನನಗೆ ತಾಗದ ಹಾಗೆ, ಟೇಪಿನ ಎರಡು ತುದಿ ಮಾತ್ರ ಹಿಡಿದು ಅಳೆದರು.

"ಹೀಗೆ ಅಳೆದ್ರೆ ಕೋಟು ಯಾರಿಗಾಗುತ್ತೆ? ಸರಿಯಾಗಿ ಹಿಡೀರಿ."

ಸೊಂಟಕ್ಕೆ ಟೇಪು ಸುತ್ತಿದರು. ಹೆಬ್ಬೆರಳು ನನ್ನ ಪಕ್ಕೆಗೆ ತಾಗಿತು. ಅಂಕಿಯನ್ನು ನೋಡಿ ಪುಸ್ತಕ ತಿರುವಿ, ಮತ್ತೆ ಅಳೆದರು. ಆಮೇಲೆ ತಗ್ಗಿದ ದನಿಯಲ್ಲಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು.

"ಮೂರಿಂಚು ಇಳಿದಿದ್ದೀಯ. ಯಾವಾಗಿಂದ?"

"ನಿಮ್ಮ ಹಾಸಿಗೆ ಕೆಳಗಿಳಿದಾಗಿಂದ."

ಅವರು ಪುಸ್ತಕದಲ್ಲಿ ಏನೂ ಬರೆಯಲಿಲ್ಲ. ಸೊಂಟದ ಮೇಲಿಟ್ಟ ಕೈಯನ್ನು ತೆಗೆಯಲೂ ಇಲ್ಲ. ಹಿಂದೆ ಅಜ್ಜ ಕೆಮ್ಮಿದ. ಕಾಯಲಿ, ನಾನು ಒಂದು ವರ್ಷ ಕಾದಿದ್ದೆ.